ಧಾರವಾಡದ ಕೂಸು, ಮುಂಬಯಿಯ ಬೌಲರ: ಪಾಲವಣಕರ ಬಾಳೂ

ಧಾರವಾಡದ ಹೆಸರೆತ್ತಿದೊಡನೆ ನಮ್ಮ ಕಣ್ಣ ಮುಂದೆ ಬರುವವರು ಕವಿಗಳು, ಗವಾಯಿಗಳು, ಪಂಡಿತರು. ಅದು ಬೇಂದ್ರೆಯವರು ಬಾಳಿದ ಊರು. ಮಲ್ಲಿಕಾರ್ಜುನ ಮನಸೂರರು ಹಾಡಿದ ಊರು. ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿ ಕನ್ನಡಿಗರನ್ನು ಎಚ್ಚರಿಸಿದ ಊರು. ರಾಜ್ಯೋತ್ಸವದ ಹೊತ್ತಿನಲ್ಲಿ ಇವರೆಲ್ಲರ ಸ್ಮರಣೆ ವರ್ಷವರ್ಷವೂ ತಪ್ಪದೆ ನಡೆಯುತ್ತದೆ, ನಡೆಯಬೇಕಾದದ್ದೇ. ಆದರೆ ಅದೇ ಊರಿನಲ್ಲಿ ಕಣ್ಣು ತೆರೆದು, ಇಂದು ನಮಗೆಲ್ಲ ಅನ್ನ ಕೊಡುತ್ತಿರುವ ಈ ಮುಂಬಯಿಯಲ್ಲಿ ಕೀರ್ತಿ ಪಡೆದು, ಇಲ್ಲಿಯೇ ಕಣ್ಣು ಮುಚ್ಚಿದ ಒಬ್ಬ ದೊಡ್ಡ ಆಟಗಾರರ ಹೆಸರು ನಮ್ಮ ಸಭೆಗಳಲ್ಲಿ ಕೇಳಿಬರುವುದು ಅಪರೂಪ. ಅವರೇ ಪಾಲವಣಕರ ಬಾಳೂ. ಭಾರತದ ಕ್ರಿಕೆಟ್ಟಿನ ಮೊದಲ ಮಹಾ ಬೌಲರರು.

ಅವರನ್ನು ಕನ್ನಡಿಗರೆಂದು ಸಾಧಿಸುವುದು ಈ ಬರಹದ ಉದ್ದೇಶವಲ್ಲ. ಅವರ ಮನೆಮಾತು ಮರಾಠಿ. ಮನೆತನದ ಹೆಸರು ಕೊಂಕಣದ ಪಾಲವಣ ಗ್ರಾಮದಿಂದ ಬಂದದ್ದು. ಧಾರವಾಡವು ಅವರಿಗೆ ಜನ್ಮವನ್ನಿತ್ತಿತು, ಅಷ್ಟೆ. ಆದರೂ ಹುಟ್ಟಿದೂರನ್ನು ಬಿಟ್ಟು, ರಟ್ಟೆಯ ಬಲವನ್ನೇ ನಂಬಿ, ದೊಡ್ಡ ಪಟ್ಟಣದಲ್ಲಿ ಹೆಸರು ಮಾಡಿದವರ ಕಥೆ ಕೋಪರಿಯ ಕನ್ನಡಿಗರಿಗೆ ಪರಕೀಯವಾಗಿ ತೋರದು. ಇದಕ್ಕಿಂತ ಮಿಗಿಲಾದ ಕಾರಣವೂ ಒಂದಿದೆ. ಒಬ್ಬ ಮನುಷ್ಯನ ಕೈಚಳಕವನ್ನು ಬಯಸಿ ಬಯಸಿ ಬಳಸಿಕೊಂಡ ಸಮಾಜವು ಆ ಕೈಗೆ ತನ್ನ ಬಟ್ಟಲನ್ನು ಕೊಡಲು ಎಷ್ಟು ಕಾಲ ಹಿಂಜರಿಯಿತೆಂಬುದನ್ನು ಬಾಳೂ ಅವರ ಜೀವನದಷ್ಟು ಸ್ಪಷ್ಟವಾಗಿ ತಿಳಿಸುವ ಕಥೆ ನಮ್ಮ ಆಟಗಳ ಚರಿತ್ರೆಯಲ್ಲಿ ಸಿಕ್ಕುವುದು ಕಷ್ಟ.

ಬಾಳೂ ಅವರು ಜನಿಸಿದ್ದು ೧೮೭೬ನೆಯ ಇಸವಿಯ ಮಾರ್ಚ ೧೯ರಂದು. ಅಂದಿನ ಸಮಾಜವು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಚರ್ಮಕಾರ ಕುಟುಂಬ ಅವರದು. ತಂದೆ ಸೈನ್ಯದ ಚಾಕರಿಯಲ್ಲಿದ್ದರು. ಮಗು ಹುಟ್ಟಿದ ಸ್ವಲ್ಪ ಕಾಲಕ್ಕೆ ಕುಟುಂಬವು ಧಾರವಾಡವನ್ನು ಬಿಟ್ಟು ಪುಣೆಗೆ ಹೋಗಿ ನೆಲೆಸಿತು. ಪುಣೆ ಆಗ ಬ್ರಿಟಿಷ್ ಸೈನ್ಯದ ದೊಡ್ಡ ಠಾಣ್ಯ. ಅಲ್ಲಿನ ಅಧಿಕಾರಿಗಳಿಗೆ ಕ್ರಿಕೆಟ್ಟೆಂದರೆ ಪ್ರಾಣ. ಅವರು ಆಡಿ ಬಿಸಾಡಿದ ಹಳೆಯ ಬ್ಯಾಟು, ಸವೆದ ಚೆಂಡು ಇವುಗಳನ್ನು ಹಿಡಿದುಕೊಂಡು ಬಾಳೂ ಮತ್ತು ಅವರ ತಮ್ಮ ಶಿವರಾಮ ಆಟವನ್ನು ಕಲಿತರು. ಇವರ ಬೆನ್ನಿಗೆ ಗಣಪತ ಮತ್ತು ವಿಠ್ಠಲ ಎಂಬ ಇನ್ನಿಬ್ಬರು ತಮ್ಮಂದಿರೂ ಇದೇ ಆಟಕ್ಕೆ ಬಂದರು. ಒಂದೇ ತಾಯಿಯ ನಾಲ್ವರು ಮಕ್ಕಳು ಹಿಂದೂ ತಂಡಕ್ಕೆ ಆಡುವಷ್ಟು ಎತ್ತರಕ್ಕೆ ಬೆಳೆದದ್ದು ಸಾಮಾನ್ಯ ಸಂಗತಿಯಲ್ಲ.

ಬಡತನದ ಮನೆ, ಶಾಲೆಯ ಓದು ಬಹಳ ದಿನ ನಡೆಯುವಂತಿರಲಿಲ್ಲ. ಬಾಳೂ ದುಡಿಮೆಗೆ ನಿಂತರು. ಮೊದಲು ಸಿಕ್ಕಿದ ಕೆಲಸ ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಮೈದಾನವನ್ನು ಗುಡಿಸುವುದು, ಪಿಚ್ಚಿನ ಮೇಲೆ ರೂಳು ಎಳೆಯುವುದು, ಬಿಡುವಿದ್ದಾಗ ಸದಸ್ಯರ ಅಭ್ಯಾಸಕ್ಕೆಂದು ನಾಲ್ಕು ಚೆಂಡು ಹಾಕುವುದು, ಇಷ್ಟು ಕೆಲಸಕ್ಕೆ ತಿಂಗಳಿಗೆ ಮೂರು ರೂಪಾಯಿ ಸಂಬಳ. ಸುಮಾರು ೧೮೯೨ರಲ್ಲಿ ಅವರು ಯುರೋಪಿಯನರ ಪೂನಾ ಕ್ಲಬ್ಬನ್ನು ಸೇರಿದರು. ಅಲ್ಲಿಯೂ ಕೆಲಸ ಹೆಚ್ಚುಕಡಿಮೆ ಅದೇ: ಬಲೆ ಕಟ್ಟುವುದು, ಗೆರೆ ಹಾಕುವುದು, ಪಿಚ್ಚು ಹದಗೊಳಿಸುವುದು, ಬೌಲಿಂಗ್ ಮಾಡುವುದು. ಇಂದು ಆಟವನ್ನೇ ವೃತ್ತಿಯಾಗಿ ಮಾಡಿಕೊಂಡವರು ಕೋಟಿಗಟ್ಟಲೆ ಗಳಿಸುವುದನ್ನು ಕಾಣುತ್ತೇವೆ. ಅಂದು ನಮ್ಮಲ್ಲಿ ಕ್ರಿಕೆಟ್ಟು ಅನುಕೂಲಸ್ಥರ ವಿನೋದವಾಗಿತ್ತು. ಆಟದಿಂದ ಹೊಟ್ಟೆ ಹೊರೆಯುವವನೆಂದರೆ ಮೈದಾನದ ಆಳು. ಆ ಆಳುಗಳ ಸಾಲಿನಿಂದಲೇ ಬಾಳೂ ಮೇಲೆದ್ದು ಬಂದರು.

ಪೂನಾ ಕ್ಲಬ್ಬಿನಲ್ಲಿ ಅವರಿಗೆ ಬ್ಯಾಟು ಹಿಡಿಯುವ ಅವಕಾಶವನ್ನು ಯಾರೂ ಕೊಡಲಿಲ್ಲ. ಬ್ಯಾಟು ದೊರೆಗಳದು, ಚೆಂಡು ಆಳಿನದು ಎಂಬುದು ಅಂದಿನ ಕಟ್ಟಳೆ. ಆದರೆ ಬಿಟ್ಟೂಬಿಡದೆ ಚೆಂಡು ಹಾಕಿದ್ದರಿಂದ ಬಾಳೂ ಅವರ ಎಡಗೈ ಪಳಗಿತು. ಕ್ಯಾಪ್ಟನ್ ಜೆ. ಜಿ. ಗ್ರೇಗ್ ಎಂಬವರು ಆಗ ಭಾರತದಲ್ಲಿದ್ದ ಯುರೋಪಿಯನ್ ಬ್ಯಾಟುಗಾರರಲ್ಲಿ ಅಗ್ರಗಣ್ಯರು. ಬೇರೆಯವರು ಮೈದಾನಕ್ಕೆ ಬರುವ ಮೊದಲೇ ಬಂದು ತಾಸುಗಟ್ಟಲೆ ಬಾಳೂ ಅವರ ಎಸೆತವನ್ನು ಎದುರಿಸಿ ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟು ಮಾಡಿದ ಪ್ರತಿಸಲವೂ ಗ್ರೇಗ್ ಎಂಟಾಣೆ ಕೊಡುತ್ತಿದ್ದರೆಂಬ ಕಥೆಯಿದೆ. ಆರು ಸಲ ಔಟು ಮಾಡಿದರೆ ಮೊದಲ ನೌಕರಿಯ ಒಂದು ತಿಂಗಳ ಸಂಬಳ ಬಂದಂತಾಯಿತು! ಕಥೆ ನಿಜವಿರಲಿ, ಬೆಳೆದುಬಂದದ್ದಿರಲಿ, ಗ್ರೇಗ್ ಬ್ಯಾಟಿಂಗಿನಲ್ಲಿ ಹೇಗೆ ಬಲಿತರೋ ಬಾಳೂ ಬೌಲಿಂಗಿನಲ್ಲಿ ಹಾಗೆ ಬಲಿತರೆಂಬುದರಲ್ಲಿ ಸಂಶಯವಿಲ್ಲ.

ಬಾಳೂ ಅವರದು ನಿಧಾನಗತಿಯ ಎಡಗೈ ಬೌಲಿಂಗು. ಚೆಂಡನ್ನು ಎರಡೂ ಕಡೆಗೆ ತಿರುಗಿಸಬಲ್ಲರು. ಒಮ್ಮೆ ಎತ್ತರಕ್ಕೆ ತೇಲಿಬಿಟ್ಟು, ಒಮ್ಮೆ ತಗ್ಗಿನಲ್ಲಿ ಸರ್ರನೆ ಕಳಿಸಿ, ಅದೇ ತೋಳಿನ ಬೀಸಿನಲ್ಲಿ ವೇಗವನ್ನು ಬದಲಿಸಿ ಎದುರಾಳಿಯನ್ನು ಭ್ರಮೆಗೊಳಿಸಬಲ್ಲರು. ಎಲ್ಲಕ್ಕೂ ಮಿಗಿಲಾದದ್ದು ಗುರಿ. ದಿನವಿಡೀ ಎಸೆದರೂ ಚೆಂಡು ಬೇಕೆಂದಲ್ಲಿಯೇ ಬೀಳುವುದು. ಇಂಗ್ಲೆಂಡಿನ ಪ್ರಸಿದ್ಧ ಎಡಗೈ ಬೌಲರ ವಿಲ್ಫ್ರೆಡ್ ರೋಡ್ಸರಿಗೆ ಹೋಲಿಸಿ ಇವರನ್ನು ಭಾರತದ ರೋಡ್ಸ್ ಎಂದು ಕರೆಯುವ ರೂಢಿ ಮುಂದೆ ಬಂದಿತು. ರೂಳು ಎಳೆದು ಪಿಚ್ಚನ್ನು ತಯಾರಿಸಿದ ಕೈಗೆ ಆ ಪಿಚ್ಚಿನ ಗುಟ್ಟು ತಿಳಿದಿದ್ದುದು ಸಹಜವೇ.

ಆ ಕಾಲದಲ್ಲಿ ಪುಣೆಯ ಹಿಂದೂಗಳಿಗೂ ಒಂದು ಕ್ರಿಕೆಟ್ ಕ್ಲಬ್ಬು ಇತ್ತು. ಯುರೋಪಿಯನರನ್ನು ಸೋಲಿಸಬೇಕೆಂಬ ಹಂಬಲ ಅವರದು. ಸೋಲಿಸಬಲ್ಲ ಬೌಲರ ಅದೇ ಊರಿನಲ್ಲಿದ್ದಾನೆ, ಆದರೆ ಅವನು ಮುಟ್ಟಬಾರದವನು! ಸೇರಿಸಿಕೊಳ್ಳಬೇಕೆನ್ನುವವರು ಕೆಲವರು, ಕೂಡದೆನ್ನುವವರು ಕೆಲವರು. ಕ್ಲಬ್ಬಿನಲ್ಲಿ ಎರಡು ಪಕ್ಷಗಳಾದವು. ಬಾಳೂ ಅವರಂಥವರನ್ನು ಬಿಟ್ಟು ಆಡುವುದು ಮೂರ್ಖತನವಾದೀತೆಂದು ಗ್ರೇಗ್ ಸಾಹೇಬರೇ ಬಹಿರಂಗವಾಗಿ ಹೇಳಿದರಂತೆ. ಕೊನೆಗೆ ಬಾಳೂ ತಂಡಕ್ಕೆ ಬಂದರು, ಮೈದಾನಕ್ಕೆ ಮಾತ್ರ. ಆಟದ ನಡುವಿನ ಬಿಡುವಿನಲ್ಲಿ ಉಳಿದವರು ಒಳಗೆ ಕುಳಿತು ಪಿಂಗಾಣಿ ಬಟ್ಟಲುಗಳಲ್ಲಿ ಚಹ ಕುಡಿಯುವರು; ಬಾಳೂ ಅವರಿಗೆ ಹೊರಗೆ, ಕುಡಿದು ಒಡೆಯುವ ಮಣ್ಣಿನ ಕುಡಿಕೆಯಲ್ಲಿ ಚಹ. ಊಟಕ್ಕೆ ಪ್ರತ್ಯೇಕವಾದ ಮೇಜು. ಕೈಗೆ ನೀರು ಹಾಕುವವನು ಅವರ ಜಾತಿಯಂಥದೇ ಇನ್ನೊಂದು ಜಾತಿಯ ಆಳು.

ವಿಚಿತ್ರವನ್ನು ನೋಡಿರಿ. ಕ್ರಿಕೆಟ್ಟಿನ ಚೆಂಡು ಚರ್ಮದ್ದು. ಆ ಚೆಂಡನ್ನು ಬಾಳೂ ಎಸೆದಾಗ ಹಿಡಿಯುವವರು, ಹಿಡಿದು ಮತ್ತೆ ಅವರ ಕೈಗೆ ಕೊಡುವವರು ಅದೇ ಕ್ಲಬ್ಬಿನ ಸವರ್ಣ ಗೃಹಸ್ಥರು. ಚರ್ಮವೂ ಮೈಲಿಗೆಯಾಗಲಿಲ್ಲ, ಅವರ ಕೈಯಿಂದ ಬಂದ ಚೆಂಡೂ ಮೈಲಿಗೆಯಾಗಲಿಲ್ಲ. ಮೈದಾನದ ಗೆರೆಯನ್ನು ದಾಟಿ ನಾಲ್ಕು ಹೆಜ್ಜೆ ಇತ್ತ ಬಂದೊಡನೆ ಅದೇ ಕೈ ಮೈಲಿಗೆಯಾಯಿತು. ಆ ನಾಲ್ಕು ಹೆಜ್ಜೆಗಳ ಅಂತರವನ್ನು ಕ್ರಮಿಸುವುದೇ ಬಾಳೂ ಅವರ ಮತ್ತು ಅವರ ತಮ್ಮಂದಿರ ಮುಂದಿನ ಕಾಲು ಶತಮಾನದ ಕಥೆ.

ಚೆಂಡು ತನ್ನ ಕೆಲಸವನ್ನು ಮಾಡುತ್ತಲೇ ಇತ್ತು. ಸಾತಾರೆಯ ಯುರೋಪಿಯನ್ ಜಿಮಖಾನೆಯವರು ಬಾಳೂ ಬರುವರೆಂಬ ಸುದ್ದಿ ಕೇಳಿ, ಚೆಂಡು ತಿರುಗದಂತೆ ಒಂದು ವಾರದವರೆಗೆ ಪಿಚ್ಚಿಗೆ ರೂಳು ಹೊಡೆಸಿದ್ದರಂತೆ. ಬಾಳೂ ಏಳು ವಿಕೆಟ್ಟು ತೆಗೆದರು. ಪುಣೆಯ ಹಿಂದೂಗಳು ನಿರಾಯಾಸವಾಗಿ ಗೆದ್ದರು. ಈ ಗೆಲುವುಗಳು ಸುಧಾರಕರ ಕಣ್ಣನ್ನು ಸೆಳೆದವು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಬಾಳೂ ಅವರನ್ನು ಸಭೆಯಲ್ಲಿ ಸನ್ಮಾನಿಸಿ, ಜೊತೆಗೆ ಆಡಬಲ್ಲವರು ಜೊತೆಗೆ ಉಣ್ಣಲೂಬಲ್ಲರು ಎಂಬ ಅರ್ಥದ ಬುದ್ಧಿಮಾತನ್ನು ಸಂಗಡಿಗ ಆಟಗಾರರಿಗೆ ಹೇಳಿದರು. ಲೋಕಮಾನ್ಯ ಟಿಳಕರೂ ಅವರನ್ನು ಪ್ರಶಂಸಿಸಿದರೆಂದು ಚರಿತ್ರೆಕಾರರು ಬರೆದಿದ್ದಾರೆ.

೧೮೯೬ರಲ್ಲಿ ಪ್ಲೇಗಿನ ಮಾರಿ ಮುಂಬಯಿಗೆ ಬಂದು, ಅಲ್ಲಿಂದ ಪುಣೆಗೂ ಹಬ್ಬಿತು. ಅದರ ನಂತರದ ದಿನಗಳಲ್ಲಿ ಬಾಳೂ ಮುಂಬಯಿಗೆ ಬಂದರು. ಕೆಲಕಾಲ ಸೈನ್ಯದ ೧೧೨ನೆಯ ಪದಾತಿದಳದಲ್ಲಿದ್ದು, ಬಳಿಕ ಬಿ.ಬಿ.ಸಿ.ಐ. ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದರು; ಇಂದಿನ ಪಶ್ಚಿಮ ರೈಲ್ವೆಯ ಪೂರ್ವಜ ಅದು. ಕಂಪನಿಯ ತಂಡಕ್ಕೂ ಆಡಿದರು. ೧೮೯೪ರಲ್ಲಿ ಸ್ಥಾಪಿತವಾಗಿದ್ದ ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನೆಯಲ್ಲಿಯೂ ಮೊದಲು ಕೆಲವು ಸದಸ್ಯರ ವಿರೋಧವೆದ್ದಿತು. ನಾಯಕರಾಗಿದ್ದ ಕೀರ್ತಿಕರರು ಪಟ್ಟು ಹಿಡಿದು ಬಾಳೂ ಅವರನ್ನು ಸೇರಿಸಿಕೊಂಡರು.

ಇಂದಿನ ಓದುಗರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು. ಆಗಿನ ಮುಂಬಯಿಯ ದೊಡ್ಡ ಪಂದ್ಯಗಳು ಪ್ರಾಂತಗಳ ನಡುವೆ ನಡೆಯುತ್ತಿರಲಿಲ್ಲ, ಮತಪಂಥಗಳ ನಡುವೆ ನಡೆಯುತ್ತಿದ್ದವು. ಮೊದಲು ಯುರೋಪಿಯನರು ಮತ್ತು ಪಾರ್ಸಿಗಳು. ೧೯೦೭ರಲ್ಲಿ ಹಿಂದೂಗಳೂ ಸೇರಿ ತ್ರಿಕೋನ ಪಂದ್ಯ. ೧೯೧೨ರಲ್ಲಿ ಮುಸಲ್ಮಾನರೂ ಸೇರಿ ಚತುಷ್ಕೋನ. ೧೯೩೭ರಲ್ಲಿ ಇತರರ ತಂಡವೂ ಬಂದು ಪಂಚಕೋನ. ೧೯೪೬ರಲ್ಲಿ ಈ ಪದ್ಧತಿಯೇ ನಿಂತುಹೋಯಿತು. ಪಂದ್ಯದ ದಿನಗಳಲ್ಲಿ ಊರಿಗೆ ಊರೇ ಮೈದಾನದ ಸುತ್ತ ನೆರೆಯುತ್ತಿತ್ತು.

ಹಿಂದೂಗಳು ಯುರೋಪಿಯನರನ್ನು ಮೊದಲ ಸಲ ಎದುರಿಸಿದ್ದು ೧೯೦೬ರ ಫೆಬ್ರುವರಿಯಲ್ಲಿ, ಬಾಂಬೆ ಜಿಮಖಾನೆಯ ಮೈದಾನದ ಮೇಲೆ. ಠಾಣೆಯಿಂದ ಲೋಕಲ್ ಗಾಡಿ ಹಿಡಿದು ಕೊನೆಯ ನಿಲ್ದಾಣದಲ್ಲಿ ಇಳಿದವರಿಗೆ ಆ ಮೈದಾನ ಕೆಲವು ನಿಮಿಷಗಳ ನಡಿಗೆಯ ದಾರಿ. ಬಂಗಾಲದ ವಿಭಜನೆಯಿಂದ ಸ್ವದೇಶಿಯ ಕಾವು ಏರಿದ್ದ ಕಾಲವದು. ಹಿಂದೂಗಳು ೨೪೨ ಮತ್ತು ೧೬೦ ರನ್ನು ಮಾಡಿದರು. ಯುರೋಪಿಯನರು ೧೯೧ ಮತ್ತು ೧೦೨ಕ್ಕೆ ಮುಗಿದರು. ೧೦೯ ರನ್ನುಗಳ ಈ ಗೆಲುವಿನಲ್ಲಿ ಬಾಳೂ ಅವರ ಎಡಗೈಯ ಪಾಲು ದೊಡ್ಡದು. ಇಂಡಿಯನ್ ಸೋಶಿಯಲ್ ರಿಫಾರ್ಮರ್ ಎಂಬ ಸುಧಾರಕರ ಪತ್ರಿಕೆಯು ಗೆಲುವಿಗಿಂತಲೂ ಮಿಗಿಲಾಗಿ ಇನ್ನೊಂದು ಸಂಗತಿಯನ್ನು ಎತ್ತಿ ಹೇಳಿತು: ಪುಣೆಯಲ್ಲಿ ಹೊರಗೆ ಕುಳಿತು ಚಹ ಕುಡಿದ ಮನುಷ್ಯನು ಮುಂಬಯಿಯ ಹಿಂದೂ ಜಿಮಖಾನೆಯವರ ಪಂಕ್ತಿಯಲ್ಲಿ ಕುಳಿತು ಉಂಡನು. ನಾಲ್ಕು ಹೆಜ್ಜೆಗಳಲ್ಲಿ ಒಂದನ್ನು ಇಟ್ಟಂತಾಯಿತು.

೧೯೧೧ರಲ್ಲಿ ಅಖಿಲ ಭಾರತದ ಮೊದಲ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕರು ಹತ್ತೊಂಬತ್ತು ವರ್ಷದ ಪಟಿಯಾಳೆಯ ಮಹಾರಾಜ ಭೂಪಿಂದರ ಸಿಂಗರು. ತಂಡದಲ್ಲಿ ಪಾರ್ಸಿಗಳಿದ್ದರು, ಮುಸಲ್ಮಾನರಿದ್ದರು. ನಮ್ಮ ಬೆಂಗಳೂರಿನ ಬಿ. ಜಯರಾಮ ಅವರಿದ್ದರು, ಬಾಳೂ ಮತ್ತು ಶಿವರಾಮ ಸೋದರರಿದ್ದರು. ಮಹಾರಾಜರಿಗೆ ಆಟಕ್ಕಿಂತ ಔತಣಗಳೇ ಹೆಚ್ಚಾದವು. ಇಪ್ಪತ್ತಮೂರು ಪಂದ್ಯಗಳಲ್ಲಿ ತಂಡ ಗೆದ್ದದ್ದು ಆರು, ಸೋತದ್ದು ಹದಿನೈದು. ಈ ಸೋಲಿನ ರಾಶಿಯ ನಡುವೆ ಬಾಳೂ ಒಬ್ಬರೇ ೧೧೪ ವಿಕೆಟ್ಟು ಕಿತ್ತರು. ಒಂದೊಂದು ವಿಕೆಟ್ಟಿಗೆ ಕೊಟ್ಟದ್ದು ೧೯ಕ್ಕಿಂತ ಕಡಿಮೆ ರನ್ನು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸಿನಲ್ಲಿ ಎಂಟು ವಿಕೆಟ್ಟು. ಲೀಸ್ಟರ್‌ಶೈರಿನ ವಿರುದ್ಧ ಅವರ ಬೌಲಿಂಗು, ಸಾಮರ್ಸೆಟ್ಟಿನ ವಿರುದ್ಧ ಶಿವರಾಮರ ಶತಕ, ಈ ಎರಡರಿಂದ ಎರಡು ಕೌಂಟಿಗಳ ಮೇಲೆ ಜಯ ಸಿಕ್ಕಿತು. ಬಾಳೂ ಅವರಿಗೆ ಆಗ ವಯಸ್ಸು ಮೂವತ್ತೈದು. ಭುಜದ ನೋವು ಬೇರೆ. ತಂಡದ ಮಾನವನ್ನು ಉಳಿಸಿದವರು ಇವರೇ ಎಂದರೆ ಅತಿಶಯೋಕ್ತಿಯಾಗದು.

ಮುಂಬಯಿಗೆ ಮರಳಿದಾಗ ದಲಿತ ಸಮಾಜದವರು ಸಭೆ ಸೇರಿಸಿ ಅವರನ್ನು ಸನ್ಮಾನಿಸಿದರು. ಆ ಸಭೆಯ ಮಾನಪತ್ರವನ್ನು ಸಿದ್ಧಪಡಿಸಿದವರು ಆಗ ಎಲ್‌ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಭೀಮರಾವ ಅಂಬೇಡಕರರೆಂದು ಹೇಳುತ್ತಾರೆ. ತಮ್ಮವನೊಬ್ಬನು ಸಮಾನ ನೆಲದ ಮೇಲೆ ನಿಂತು ದೊರೆಗಳನ್ನೇ ಮಣಿಸಿ ಬಂದನೆಂಬ ಹೆಮ್ಮೆ ಆ ತರುಣ ಪೀಳಿಗೆಗೆ ಎಷ್ಟು ಬಲವನ್ನು ಕೊಟ್ಟಿರಬೇಕು!

ಇಷ್ಟಾದರೂ ಒಂದು ಬಾಗಿಲು ತೆರೆಯಲಿಲ್ಲ. ಹಿರಿತನ, ಅನುಭವ, ಸಾಧನೆ ಯಾವುದನ್ನು ನೋಡಿದರೂ ಹಿಂದೂ ತಂಡದ ನಾಯಕತ್ವ ಬಾಳೂ ಅವರಿಗೆ ಬರಬೇಕಾಗಿತ್ತು. ವರ್ಷವರ್ಷವೂ ಅದು ಬೇರೆಯವರಿಗೆ ಹೋಯಿತು. ೧೯೧೩ರಲ್ಲಿ ನಾಯಕರಾದ ಎಂ. ಡಿ. ಪಾಯಿಯವರು ತಮಗೆ ಸಂದ ಸನ್ಮಾನದ ಸಭೆಯಲ್ಲಿಯೇ, ಈ ಗೌರವ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ಒಪ್ಪಿಕೊಂಡರು. ಪಾಯಿಯವರ ಸೌಜನ್ಯ ದೊಡ್ಡದು; ಆಯ್ಕೆ ಮಾಡುವವರ ಕಿವಿ ಮಾತ್ರ ಕೇಳಲಿಲ್ಲ. ಚೆಂಡನ್ನು ಕೊಡಬಹುದು, ಪಂಕ್ತಿಯಲ್ಲಿ ಎಲೆಯನ್ನೂ ಹಾಕಬಹುದು, ಆದರೆ ಅವನ ಆಜ್ಞೆಯಂತೆ ನಾವು ನಿಲ್ಲಬೇಕೆ? ಅಡ್ಡವಾದದ್ದು ಈ ಪ್ರಶ್ನೆ.

೧೯೨೦ರಲ್ಲಿ ಇದು ಸ್ಫೋಟಗೊಂಡಿತು. ಆ ವರ್ಷ ಬಾಳೂ ಅವರನ್ನು ಮೊದಲು ತಂಡದಿಂದಲೇ ಬಿಡಲಾಯಿತು. ನಾಯಕರಾದ ಪಾಯಿಯವರು ಅಸ್ವಸ್ಥರಾದಾಗ ಆ ಸ್ಥಾನ ಪುಣೆಯ ಡಿ. ಬಿ. ದೇವಧರರಿಗೆ ಹೋಯಿತು. ದೇವಧರರು ಒಳ್ಳೆಯ ಆಟಗಾರರು, ಆದರೆ ಶಿವರಾಮ ಮತ್ತು ವಿಠ್ಠಲರಿಗಿಂತ ಕಿರಿಯರು. ಸೋದರರಿಬ್ಬರೂ ತಂಡವನ್ನು ಬಿಟ್ಟು ಹೊರಗೆ ನಿಂತು, ಜಾತಿಯ ಕಾರಣದಿಂದಲೇ ತಮ್ಮ ಹಕ್ಕು ತಪ್ಪುತ್ತಿದೆಯೆಂದು ಪತ್ರಿಕೆಗಳಲ್ಲಿ ಪ್ರಕಟಿಸಿದರು. ಗಾಂಧೀಜಿಯವರು ಅಸ್ಪೃಶ್ಯತೆಯ ವಿರುದ್ಧ ದನಿಯೆತ್ತಿದ್ದ ವರ್ಷವದು. ಸೋದರರ ಮಾತು ಜನರ ಮನಸ್ಸಿಗೆ ನಾಟಿತು. ಕೊನೆಯ ಪಂದ್ಯಕ್ಕೆ ಅವರನ್ನು ಮರಳಿ ಕರೆಯಬೇಕಾಯಿತು. ಬಾಳೂ ಉಪನಾಯಕರಾದರು. ಪಾಯಿಯವರು ಸ್ವಲ್ಪ ಹೊತ್ತು ಮೈದಾನವನ್ನು ಬಿಟ್ಟು ಹೋದಾಗ ಬಾಳೂ ತಂಡವನ್ನು ನಡೆಸಿದರು. ಅವರಿಗೆ ಸಿಕ್ಕ ನಾಯಕತ್ವ ಅಷ್ಟೇ. ವಯಸ್ಸು ನಾಲ್ವತ್ತನಾಲ್ಕಾಗಿತ್ತು, ಆ ಋತುವಿಗೆ ಅವರ ಆಟ ಮುಗಿಯಿತು.

ಒಟ್ಟು ೩೩ ಪ್ರಥಮ ದರ್ಜೆಯ ಪಂದ್ಯಗಳು, ೧೭೯ ವಿಕೆಟ್ಟುಗಳು, ವಿಕೆಟ್ಟೊಂದಕ್ಕೆ ಸರಾಸರಿ ೧೫.೨೧ ರನ್ನು. ಭಾರತವು ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು ೧೯೩೨ರಲ್ಲಿ; ಆಗ ಬಾಳೂ ಅವರಿಗೆ ಐವತ್ತಾರು. ಆದ್ದರಿಂದ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಹೆಸರು ಮರೆಯಾಗಲು ಇದೂ ಒಂದು ಕಾರಣ.

ಅಣ್ಣನಿಗೆ ತಪ್ಪಿದ್ದು ತಮ್ಮನಿಗೆ ದೊರೆಯಿತು. ೧೯೨೩ರಲ್ಲಿ ವಿಠ್ಠಲರು ಹಿಂದೂ ತಂಡದ ನಾಯಕರಾದರು. ಆ ವರ್ಷ ಹಿಂದೂಗಳೇ ಗೆದ್ದರು. ಸವರ್ಣ ಯುವಕರೇ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮುಟ್ಟಬಾರದೆಂದ ಮೈಯನ್ನು ಹೆಗಲ ಮೇಲೇರಿಸಿಕೊಂಡಾಗ ಆ ನಾಲ್ಕನೆಯ ಹೆಜ್ಜೆ ಬಿದ್ದಿತು. ವಿಠ್ಠಲರು ಮುಂದೆ ತಮ್ಮ ಕ್ರೀಡಾಜೀವನವನ್ನು ಮರಾಠಿಯಲ್ಲಿ ಬರೆದಿಟ್ಟದ್ದರಿಂದ ಈ ಕುಟುಂಬದ ಎಷ್ಟೋ ವಿವರಗಳು ಉಳಿದುಬಂದವು.

ಬಾಳೂ ಅವರ ಕೊನೆಯ ಅಧ್ಯಾಯ ರಾಜಕಾರಣದ್ದು. ಇಲ್ಲಿ ಅವರ ದಾರಿಯೂ ಡಾ. ಅಂಬೇಡಕರರ ದಾರಿಯೂ ಅಗಲಿದವು. ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂಬ ಅಂಬೇಡಕರರ ವಾದವನ್ನು ಬಾಳೂ ಒಪ್ಪಲಿಲ್ಲ. ೧೯೩೨ರ ಸಪ್ಟೆಂಬರಿನ ಪುಣೆ ಒಪ್ಪಂದಕ್ಕೆ ರುಜು ಹಾಕಿದವರಲ್ಲಿ ಇಬ್ಬರ ಹೆಸರೂ ಇವೆ. ಮತಾಂತರದ ವಿಚಾರವೂ ಬಾಳೂ ಅವರಿಗೆ ಸಮ್ಮತವಾಗಲಿಲ್ಲ. ೧೯೩೭ರಲ್ಲಿ ಮುಂಬಯಿ ವಿಧಾನಸಭೆಯ ಚುನಾವಣೆಗೆ ಅಂಬೇಡಕರರ ಎದುರು ಕಾಂಗ್ರೆಸ್ಸು ಬಾಳೂ ಅವರನ್ನೇ ನಿಲ್ಲಿಸಿತು. ಅಂಬೇಡಕರರಿಗೆ ೧೩,೨೪೫ ಮತಗಳು, ಬಾಳೂ ಅವರಿಗೆ ೧೧,೨೨೫. ಮಾನಪತ್ರ ಬರೆದ ವಿದ್ಯಾರ್ಥಿಯು ಮಾನಪತ್ರ ಪಡೆದ ವೀರನನ್ನು ಸೋಲಿಸಿದನು. ಒಬ್ಬರು ತಮ್ಮ ಜೀವಿತದಲ್ಲಿಯೇ ಬಾಗಿಲುಗಳು ಒಂದೊಂದಾಗಿ ತೆರೆದುದನ್ನು ಕಂಡು, ಒಳಗಿದ್ದುಕೊಂಡೇ ಗೆಲ್ಲಬಹುದೆಂದು ನಂಬಿದವರು. ಇನ್ನೊಬ್ಬರು, ಅಸಾಧಾರಣ ಕೈಚಳಕವಿಲ್ಲದ ಸಾಮಾನ್ಯನಿಗೆ ಆ ಬಾಗಿಲನ್ನು ಯಾರು ತೆರೆಯುವರೆಂದು ಕೇಳಿದವರು. ಆ ಪ್ರಶ್ನೆಯ ತೂಕವನ್ನು ಅಲ್ಲಗಳೆಯುವಂತಿಲ್ಲ. ಪುಣೆಯಲ್ಲಿ ಬಾಳೂ ಅವರ ಕೈಗೆ ನೀರು ಹಾಕಿದ ಆಳಿಗೆ ಏಳು ವಿಕೆಟ್ಟು ತೆಗೆಯುವ ವಿದ್ಯೆ ಗೊತ್ತಿರಲಿಲ್ಲ; ಅವನಿಗೂ ಬಾಯಾರುತ್ತಿತ್ತು.

೧೯೫೫ರ ಜುಲೈ ೪ರಂದು ಬಾಳೂ ಅವರು ಮುಂಬಯಿಯಲ್ಲಿ ತೀರಿಕೊಂಡರು. ಅದಕ್ಕೆ ಸುಮಾರು ಒಂದು ತಿಂಗಳ ಹಿಂದೆ, ಜೂನ್ ೧ರಂದು, ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಜಾರಿಗೆ ಬಂದಿತ್ತು. ಹೊಟೆಲುಗಳಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ ಇಟ್ಟ ಪಾತ್ರೆಪದಾರ್ಥಗಳನ್ನು ಒಬ್ಬನಿಗೆ ಜಾತಿಯ ಕಾರಣದಿಂದ ನಿರಾಕರಿಸುವುದು ಆ ದಿನದಿಂದ ಶಿಕ್ಷಾರ್ಹ ಅಪರಾಧವಾಯಿತು. ಮಣ್ಣಿನ ಕುಡಿಕೆಯಲ್ಲಿ ಚಹ ಕುಡಿದ ತರುಣನು ಎಪ್ಪತ್ತೊಂಬತ್ತರ ಮುದುಕನಾಗಿ ಆ ಕಾಯಿದೆಯನ್ನು ಕಂಡು ಹೋದನು. ಮರುವರ್ಷ ನವೆಂಬರ ೧ರಂದು ಧಾರವಾಡವು ಮುಂಬಯಿ ರಾಜ್ಯವನ್ನು ಬಿಟ್ಟು ಕನ್ನಡ ನಾಡಿನಲ್ಲಿ ಒಂದಾಯಿತು. ಹೀಗಾಗಿ ಬಾಳೂ ಅವರು ಹುಟ್ಟಿದೂರೂ ಮಡಿದೂರೂ ಅವರ ಜೀವಮಾನವಿಡೀ ಒಂದೇ ಆಡಳಿತದಲ್ಲಿದ್ದವು. ಗಡಿಗಳು ಬದಲಾದ ಮೇಲೆ ಅವರನ್ನು ಅಲ್ಲಿಯವರು ಇಲ್ಲಿಯವರೆಂದರು, ಇಲ್ಲಿಯವರು ಮರೆತರು. ಬಹುಕಾಲದ ನಂತರ, ೨೦೦೨ರಲ್ಲಿ, ಬೆಂಗಳೂರಿನಲ್ಲಿ ನೆಲೆಸಿದ ಇತಿಹಾಸಕಾರ ರಾಮಚಂದ್ರ ಗುಹಾ ಅವರು ಭಾರತದ ಕ್ರಿಕೆಟ್ಟಿನ ಚರಿತ್ರೆಯನ್ನು ಬರೆದಾಗ ಬಾಳೂ ಅವರಿಗೆ ತಕ್ಕ ಸ್ಥಾನವನ್ನು ಮರಳಿ ಕೊಟ್ಟರು.

ರವಿವಾರ ಬೆಳಗಾದರೆ ಕೋಪರಿಯಲ್ಲಿ ಕಾಲೂರಲು ಜಾಗವಿದ್ದಲ್ಲೆಲ್ಲ ಹುಡುಗರು ಮೂರು ಕೋಲು ನೆಟ್ಟು ಆಡುತ್ತಾರೆ. ಕನ್ನಡದ ಹುಡುಗರು, ಮರಾಠಿ ಹುಡುಗರು, ಸಿಂಧಿ ಹುಡುಗರು ಎಲ್ಲರೂ ಕೂಡಿರುತ್ತಾರೆ. ಬಾಯಾರಿದಾಗ ಒಂದೇ ಬಾಟಲಿಯ ನೀರನ್ನು ಹಂಚಿಕೊಳ್ಳುತ್ತಾರೆ. ಆ ನೀರಿಗೆ ಇಂಥ ಒಂದು ಚರಿತ್ರೆಯಿದೆಯೆಂದು ಅವರಿಗೆ ಹೇಳುವವರು ಬೇಕು. ನಮ್ಮ ಸಂಘ ಸಂಸ್ಥೆಗಳು ಮಕ್ಕಳ ಪಂದ್ಯಗಳಿಗೆ ಬಾಳೂ ಅವರ ಹೆಸರಿನಲ್ಲಿ ಒಂದು ಢಾಲನ್ನಿಟ್ಟರೆ ಹೆಚ್ಚಿನ ಖರ್ಚೇನೂ ಆಗದು. ಧಾರವಾಡಕ್ಕೂ ಮುಂಬಯಿಗೂ ಇರುವ ಹಳೆಯ ಋಣ ಅಷ್ಟರಮಟ್ಟಿಗೆ ಸಂದಂತಾಗುವುದು.